ಮೂರು ಪುಸ್ತಕ, ಒಂದು ನೋಟ್‌ಬುಕ್: ಬೆಳೆಯುವುದಕ್ಕಾಗಿ ಓದುವ ಬಗೆ

ಏಳು ವರ್ಷದ ಹಿಂದೆ ನನ್ನನ್ನು ಶಿಫ್ಟ್ ಇನ್‌ಚಾರ್ಜ್ ಮಾಡಿದರು. ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಚಿಕ್ಕ ಮಷೀನ್ ಶಾಪ್, ಹದಿನಾಲ್ಕು ಜನ. ಹಿಂದಿನ ದಿನದ ತನಕ ಅವರ ಜೊತೆ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದವನು ನಾನು. ಮಾರನೇ ದಿನದಿಂದ ಅವರಿಗೆ ಕೆಲಸ ಹೇಳಬೇಕು, ತಪ್ಪಾದರೆ ಕೇಳಬೇಕು, ರಜೆ ಕೊಡಬೇಕು ಇಲ್ಲವೇ ಆಗಲ್ಲ ಅನ್ನಬೇಕು. ಮಷೀನ್ ಬಗ್ಗೆ ಹನ್ನೆರಡು ವರ್ಷ ಒಬ್ಬರಲ್ಲ ಒಬ್ಬರು ನನಗೆ ಹೇಳಿಕೊಟ್ಟಿದ್ದರು. ಜನರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಒಂದು ದಿನವೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ಪುಸ್ತಕದ ಕಡೆ ತಿರುಗಿದೆ. ಮೊದಲ ಮೂರು ತಿಂಗಳು ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಯಶಸ್ಸಿಗೆ ಇಷ್ಟು ಸೂತ್ರ, ನಾಯಕನಿಗೆ ಇಷ್ಟು ಗುಣ ಅಂತ ಮುಖಪುಟದ ಮೇಲೇ ಲೆಕ್ಕ ಕೊಡುವ ಪುಸ್ತಕಗಳು. ಓದುವಾಗ ಹುರುಪು ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಶಾಪಿಗೆ ಕಾಲಿಟ್ಟರೆ ಮತ್ತೆ ಅದೇ ಸಿಟ್ಟು, ಅದೇ ಮಾತು. ಹನ್ನೊಂದು ಪುಸ್ತಕ ಮುಗಿಸಿದ್ದೆ. ಅವುಗಳಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದ್ದರೆ ನಾಲ್ಕು ಸಾಲು ಹೇಳಲು ಆಗುತ್ತಿರಲಿಲ್ಲ.

ತಪ್ಪು ಪುಸ್ತಕಗಳದ್ದಲ್ಲ, ಓದುವ ರೀತಿಯದ್ದು ಅಂತ ನಿಧಾನವಾಗಿ ಗೊತ್ತಾಯಿತು. ಆಮೇಲೆ ನಾನು ಹಿಡಿದ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹೊಸದಾಗಿ ಜವಾಬ್ದಾರಿ ಹೊತ್ತವರಿಗೆ, ಅಂಗಡಿ ನಡೆಸುವವರಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ, ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುವ ಅಕ್ಕಂದಿರಿಗೆ, ಯಾರಿಗಾದರೂ ಇದು ಹೊಂದುತ್ತದೆ.

ಮೊದಲ ಹೆಜ್ಜೆ: ಪುಸ್ತಕ ಹುಡುಕುವ ಮೊದಲು ತೊಂದರೆಯನ್ನು ಬರೆಯಿರಿ

ಡಾಕ್ಟರ ಹತ್ತಿರ ಹೋಗಿ "ಯಾವುದಾದರೂ ಒಳ್ಳೆ ಮಾತ್ರೆ ಕೊಡಿ" ಅನ್ನುತ್ತೇವಾ? ಎಲ್ಲಿ ನೋವು, ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿಯಾಗುತ್ತದೆ ಅಂತ ಹೇಳುತ್ತೇವೆ. ಪುಸ್ತಕಕ್ಕೂ ಹಾಗೇ ಹೋಗಬೇಕು. "ನಾನು ಬೆಳೀಬೇಕು" ಅನ್ನುವುದು ಆಸೆ. ಅದರಿಂದ ಪುಸ್ತಕ ಆರಿಸಲು ಆಗುವುದಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಎರಡು ತಿಂಗಳಲ್ಲಿ ರಾತ್ರಿ ನಿದ್ದೆ ಕೆಡಿಸಿದ ಒಂದು ಘಟನೆ ಬರೆಯಿರಿ. ಯಾರು ಏನಂದರು, ನೀವು ಏನಂದಿರಿ, ಆಮೇಲೆ ಏನಾಯಿತು. ಹತ್ತು ಸಾಲು ಸಾಕು. ಕಾರಣ, ವಿಶ್ಲೇಷಣೆ ಏನೂ ಬೇಡ. ಆದದ್ದು ಆದ ಹಾಗೆ.

ನಾನು ಬರೆದದ್ದು ಇದು. ಒಬ್ಬ ಹುಡುಗ ನಲವತ್ತು ಪೀಸ್‌ಗಳಲ್ಲಿ ಬೋರ್ ಸೈಜ್, ಅಂದರೆ ಒಳಗಿನ ತೂತಿನ ಅಳತೆ, ಜಾಸ್ತಿ ಮಾಡಿದ್ದ. ಎಲ್ಲರ ಎದುರಿಗೆ ಅವನ ಮೇಲೆ ಕೂಗಾಡಿದೆ. ಒಂದು ಪೀಸನ್ನು ಟೇಬಲ್ ಮೇಲೆ ಕುಕ್ಕಿದೆ. ಶಾಪೆಲ್ಲ ತಣ್ಣಗಾಯಿತು. ಮೂರು ವಾರದ ನಂತರ ಇನ್ನೊಬ್ಬನ ಮಷೀನಿನಲ್ಲಿ ಟೂಲ್ ಸವೆದು ಸೈಜ್ ನಿಧಾನವಾಗಿ ಜಾರುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಪಕ್ಕದವನಿಗೂ ಗೊತ್ತಿತ್ತು. ಇಬ್ಬರೂ ನನಗೆ ಹೇಳಲಿಲ್ಲ. ಆ ಸಲ ಹೋದದ್ದು ಮುನ್ನೂರು ಪೀಸ್.

ಇದನ್ನು ಬರೆದ ಮೇಲೆ ನನ್ನ ಪ್ರಶ್ನೆ ತಾನಾಗಿಯೇ ಸಿಕ್ಕಿತು: ತಪ್ಪಾದಾಗ ಜನ ನನ್ನ ಹತ್ತಿರ ಬಂದು ಹೇಳಬೇಕಾದರೆ ನಾನು ಹೇಗಿರಬೇಕು? ಇಷ್ಟು ಸ್ಪಷ್ಟವಾದ ಪ್ರಶ್ನೆ ಕೈಯಲ್ಲಿದ್ದರೆ ಯಾವ ಪುಸ್ತಕ ತೆರೆದರೂ ಕಣ್ಣು ಸರಿಯಾದ ಪುಟದ ಮೇಲೆ ನಿಲ್ಲುತ್ತದೆ.

ನಿಮ್ಮದು ಬೇರೆ ಇರಬಹುದು. ಮೀಟಿಂಗಿನಲ್ಲಿ ಬಾಯಿ ಬರುವುದಿಲ್ಲ. ಕೆಲಸ ಹಂಚಲು ಮನಸ್ಸು ಒಪ್ಪುವುದಿಲ್ಲ, ಎಲ್ಲ ನೀವೇ ಮಾಡುತ್ತೀರಿ. ಇಲ್ಲ ಅಂತ ಹೇಳಲು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಮೂರು ಪುಸ್ತಕ ಆರಿಸಿ, ಮೂರೂ ಬೇರೆ ಬೇರೆ ಜಾತಿಯದ್ದು

ಒಂದು, ಯಾರಾದರೂ ಬದುಕಿದ ಕಥೆ. ಎರಡು, ನಿಮ್ಮನ್ನು ನೀವೇ ನೋಡಿಕೊಳ್ಳುವ ಹಾಗೆ ಮಾಡುವ ಪುಸ್ತಕ. ಮೂರು, ಕೈಗೆ ಉಪಕರಣ ಕೊಡುವ ಪುಸ್ತಕ. ಆರು ತಿಂಗಳಿಗೆ ಈ ಮೂರು ಸಾಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ತೂಕ ಮೊದಲನೆಯದಕ್ಕೆ. ಸೂತ್ರದ ಪುಸ್ತಕದಲ್ಲಿ ಬರೆದವರು ಗೆದ್ದ ಮೇಲೆ ಕೂತು ದಾರಿಯನ್ನು ನೇರ ಮಾಡಿ ಬರೆದಿರುತ್ತಾರೆ. ಒಳ್ಳೆಯ ಆತ್ಮಕಥೆಯಲ್ಲಿ ದಾರಿ ಹೇಗಿತ್ತೋ ಹಾಗೇ ಇರುತ್ತದೆ. ಎಡವಿದ್ದು, ಹಿಂದೆ ಬಂದದ್ದು, ನಾಚಿಕೆಪಟ್ಟದ್ದು ಎಲ್ಲ. ನಮಗೆ ಬೇಕಾಗಿರುವುದು ಆ ಜಾಗಗಳೇ.

ಮಾತಾಡಲು ಹೆದರುವವರು ಗಾಂಧೀಜಿಯ ಆತ್ಮಕಥೆಯಿಂದ ಶುರು ಮಾಡಿ. ಕನ್ನಡದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದ 'ಸತ್ಯಶೋಧನೆ' ಹೆಸರಿನಲ್ಲಿದೆ. 1925ರಿಂದ 1929ರ ತನಕ 'ನವಜೀವನ' ಪತ್ರಿಕೆಯಲ್ಲಿ ವಾರ ವಾರ ಬಂದ ಬರಹ ಅದು. ಹಾಗಾಗಿ ಅಧ್ಯಾಯಗಳು ಚಿಕ್ಕವು. ಬಸ್ಸಿನಲ್ಲಿ ಒಂದು ಮುಗಿಸಬಹುದು. ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ ಬಂದ ಗಾಂಧಿ ಮುಂಬೈನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಲ್ಲುತ್ತಾರೆ. ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಕೇಳಬೇಕು. ತಲೆ ಸುತ್ತುತ್ತದೆ, ಒಂದು ಪ್ರಶ್ನೆಯೂ ತೋಚುವುದಿಲ್ಲ. ಕೂತುಬಿಡುತ್ತಾರೆ. ಕೇಸು ತನ್ನಿಂದಾಗುವುದಿಲ್ಲ ಅಂತ ಹೇಳಿ, ತೆಗೆದುಕೊಂಡಿದ್ದ ಮೂವತ್ತು ರೂಪಾಯಿ ಫೀಸನ್ನು ವಾಪಸ್ ಕೊಟ್ಟು ಹೊರಟುಬಿಡುತ್ತಾರೆ. ಅದೇ ಮನುಷ್ಯ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ ಪ್ರಿಟೋರಿಯಾದ ಭಾರತೀಯ ವ್ಯಾಪಾರಿಗಳನ್ನು ಸೇರಿಸಿ ಮಾತಾಡುತ್ತಾರೆ. ಅದು ತನ್ನ ಜೀವನದ ಮೊದಲ ಸಾರ್ವಜನಿಕ ಭಾಷಣ ಅಂತ ಅವರೇ ಬರೆಯುತ್ತಾರೆ. ಈ ಎರಡು ಘಟನೆಗಳ ನಡುವಿನ ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ. ಏನು ಬದಲಾಯಿತು? ಭಾಷಣ ಕಲೆಯನ್ನೇನೂ ಅವರು ಕಲಿತಿರಲಿಲ್ಲ. ಹೇಳಲೇಬೇಕಾದ ವಿಷಯ ಒಂದು ಸಿಕ್ಕಿತ್ತು. ಇದು ನನ್ನ ಓದು. ನಿಮಗೆ ಬೇರೆ ಏನಾದರೂ ಕಾಣಬಹುದು.

ಕೆಲಸ ಹಂಚಲು ಕಷ್ಟಪಡುವವರಿಗೆ ವರ್ಗೀಸ್ ಕುರಿಯನ್ ಅವರ ಆತ್ಮಕಥೆ 'ಐ ಟೂ ಹ್ಯಾಡ್ ಎ ಡ್ರೀಮ್' ಹೇಳುತ್ತೇನೆ. 2005ರಲ್ಲಿ ಬಂದದ್ದು. ಇಂಗ್ಲಿಷ್ ಸರಳವಾಗಿದೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾನೇ ಓದಿದೆ. 1949ರಲ್ಲಿ, ಸರ್ಕಾರಕ್ಕೆ ಕೆಲಸ ಮಾಡಿಕೊಡುತ್ತೇನೆ ಅಂತ ಬರೆದುಕೊಟ್ಟಿದ್ದ ಬಾಂಡ್ ತೀರಿಸಲೆಂದು ಗುಜರಾತಿನ ಆನಂದ್‌ಗೆ ಬಂದ ಎಂಜಿನಿಯರ್ ಅವರು. ಯಾವಾಗ ಬಿಟ್ಟು ಹೋಗುತ್ತೇನೋ ಅಂತ ಕಾಯುತ್ತಿದ್ದರು. ಅಲ್ಲಿ ರೈತರ ಹಾಲಿನ ಸಹಕಾರ ಸಂಘ ಕಟ್ಟಿದ್ದವರು ತ್ರಿಭುವನದಾಸ್ ಪಟೇಲ್. ಕೆಟ್ಟ ಮಷೀನ್ ಸರಿ ಮಾಡಿಕೊಡಿ ಅಂತ ಅವರು ಕುರಿಯನ್‌ರನ್ನು ಕೇಳುವುದರಿಂದ ಎಲ್ಲ ಶುರುವಾಗುತ್ತದೆ. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗುವುದೇ ಇಲ್ಲ ಅಂತ ಹೊರದೇಶದ ಪರಿಣಿತರು ಹೇಳುತ್ತಿದ್ದ ಕಾಲ. ಅದನ್ನು ಮಾಡಿ ತೋರಿಸಿದವರು ಕುರಿಯನ್ ಅವರ ಗೆಳೆಯ ದಲಾಯ.

ಈ ಪುಸ್ತಕದಲ್ಲಿ ನನಗೆ ಜಾಸ್ತಿ ಕಲಿಸಿದವರು ತ್ರಿಭುವನದಾಸ್. ಅವರು ರೈತರ ನಂಬಿಕೆ ನೋಡಿಕೊಂಡರು. ಡೈರಿ ನಡೆಸುವುದನ್ನು ಕುರಿಯನ್‌ಗೆ ಬಿಟ್ಟರು. ಬಿಟ್ಟ ಮೇಲೆ ಕೈ ಹಾಕಲಿಲ್ಲ. ಮುಂದೆ ಇರುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಕ್ಯಾನ್ ಹಿಡಿದು ಡೈರಿಗೆ ಹೋಗುತ್ತಾರಲ್ಲ, ಆ ವ್ಯವಸ್ಥೆಯ ಬೇರು ಕೂಡ ಆನಂದ್‌ನಲ್ಲೇ ಇದೆ. ಹಾಗಾಗಿ ಹಳ್ಳಿಯಿಂದ ಬಂದವರಿಗೆ ಈ ಕಥೆ ತುಂಬ ಬೇಗ ಹತ್ತಿರವಾಗುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಬ್ದುಲ್ ಕಲಾಂ ಅವರಿಂದ. 1999ರಲ್ಲಿ ಬಂದ ಅವರ 'ವಿಂಗ್ಸ್ ಆಫ್ ಫೈರ್' ಓದುತ್ತಿದ್ದೆ. ಜೊತೆಗೆ, ಅವರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಘಟನೆಯನ್ನು ಕೇಳಿದೆ. 1979ರ ಆಗಸ್ಟ್ 10. ಶ್ರೀಹರಿಕೋಟದಿಂದ ಎಸ್‌ಎಲ್‌ವಿ-3 ರಾಕೆಟ್ ಹಾರಿತು, ಹಾರಿ ಬಂಗಾಳ ಕೊಲ್ಲಿಗೆ ಬಿತ್ತು. ಕಲಾಂ ಆ ಯೋಜನೆಯ ಮುಖ್ಯಸ್ಥ. ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರು ಕಾಯುತ್ತಿದ್ದರು. ಧವನ್ ತಾವೇ ಅವರ ಎದುರಿಗೆ ಹೋಗಿ ಕೂತರು. ಸೋಲಿನ ಹೊಣೆ ತಮ್ಮದು ಅಂದರು, ತಮ್ಮ ತಂಡದ ಮೇಲೆ ನಂಬಿಕೆ ಇದೆ ಅಂದರು. 1980ರ ಜುಲೈ 18ರಂದು ಅದೇ ಮಾದರಿಯ ಇನ್ನೊಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅವತ್ತು ಧವನ್ ಕಲಾಂ ಅವರನ್ನು ಕರೆದು, ಇವತ್ತು ಪತ್ರಕರ್ತರ ಜೊತೆ ನೀವು ಮಾತಾಡಿ ಅಂದರು.

ಇದನ್ನು ಕೇಳಿದ ರಾತ್ರಿ ಆ ಟೇಬಲ್ ಮೇಲೆ ಕುಕ್ಕಿದ ಪೀಸು ನೆನಪಾಗಿ ತುಂಬ ಹೊತ್ತು ಎದ್ದು ಕೂತಿದ್ದೆ.

ಕನ್ನಡದಲ್ಲೇ ಓದುತ್ತೇನೆ ಅನ್ನುವವರಿಗೆ ಒಂದು ದೊಡ್ಡ ನಿಧಿ ಇದೆ: ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ'. ಎಂಟು ಸಂಪುಟ. ಎಲ್ಲ ಒಟ್ಟಿಗೆ ಬೇಡ, ಮೈಸೂರಿನ ದಿವಾನರ ಸಂಪುಟ ಒಂದನ್ನೇ ತೆಗೆದುಕೊಳ್ಳಿ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದ ರಂಗಾಚಾರ್ಲು, 1883ರಿಂದ 1901ರ ತನಕ ಆ ಜಾಗದಲ್ಲಿದ್ದ ಶೇಷಾದ್ರಿ ಅಯ್ಯರ್, ಆಮೇಲೆ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್. ಒಂದೇ ಕುರ್ಚಿಯಲ್ಲಿ ಬೇರೆ ಬೇರೆ ಸ್ವಭಾವದವರು ಕೂತು ಹೇಗೆ ಬೇರೆ ಬೇರೆ ರೀತಿ ಕೆಲಸ ಮಾಡಿದರು ಅಂತ ನೋಡಲು ಇದಕ್ಕಿಂತ ಒಳ್ಳೆ ಪುಸ್ತಕ ನನಗೆ ಗೊತ್ತಿಲ್ಲ. ನಾಯಕ ಅಂದರೆ ಹೀಗೇ ಇರಬೇಕು ಅನ್ನುವ ಒಂದೇ ಅಚ್ಚು ತಲೆಯಲ್ಲಿದ್ದರೆ ಇದನ್ನು ಓದಿದ ಮೇಲೆ ಉಳಿಯುವುದಿಲ್ಲ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮೇಲೆ ಕೂತವರ ಕಥೆ ಓದಿದರೆ, ಕೆಳಗಿನಿಂದ ನೋಡಿದವರ ಕಥೆಯನ್ನೂ ಓದಿ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟರು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಷಯದಲ್ಲಿ ಅವರಿಗೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಒಮ್ಮತ ಇರಲಿಲ್ಲ. ಅಷ್ಟು ದೊಡ್ಡ ಕೆಲಸಗಾರನಿಗೂ ಎಲ್ಲ ಕಡೆಯಿಂದ ಎಲ್ಲವೂ ಕಾಣುವುದಿಲ್ಲ. ಅದಕ್ಕೇ ದಿವಾನರ ಸಂಪುಟದ ಪಕ್ಕದಲ್ಲಿ ಸಿದ್ದಲಿಂಗಯ್ಯನವರ 'ಊರುಕೇರಿ' ಇಟ್ಟುಕೊಳ್ಳಿ ಅನ್ನುತ್ತೇನೆ. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ನಡೆಯುತ್ತಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಬರೆಯುತ್ತಿರುವವರ ಅಪ್ಪ. ಸಿಟ್ಟಿನ ಕೂಗಾಟ ಇಲ್ಲದೆ, ತಿಳಿಯಾಗಿ ಬರೆದಿದ್ದಾರೆ. ಓದಿದ ಮೇಲೆ, ನಮ್ಮ ಶಾಪಿನಲ್ಲಿ ಕಸ ಗುಡಿಸುವ ಅಮ್ಮನನ್ನು ನಾನು ಏಳು ತಿಂಗಳಿಂದ ಹೆಸರು ಹಿಡಿದು ಕರೆದೇ ಇಲ್ಲ ಅಂತ ನೆನಪಾಯಿತು. ಮಾರನೇ ದಿನ ಹೋಗಿ ಹೆಸರು ಕೇಳಿದೆ. ಇದೂ ನಾಯಕತ್ವದ ಪಾಠವೇ ಅಲ್ವಾ?

ಇನ್ನು ಎರಡನೇ ಜಾತಿ. ತನ್ನನ್ನು ತಾನು ನೋಡಿಕೊಳ್ಳುವ ಪುಸ್ತಕ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಡಿವಿಜಿಯವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ ಬಂತು. ನಾಲ್ಕು ನಾಲ್ಕು ಸಾಲಿನ 945 ಪದ್ಯ. ದಿನಕ್ಕೆ ಒಂದು ಓದಿದರೆ ಎರಡೂವರೆ ವರ್ಷಕ್ಕೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹಳೆಯ ಪದಗಳು ಇರುವುದರಿಂದ ಅರ್ಥ, ವಿವರಣೆ ಇರುವ ಪ್ರತಿ ತೆಗೆದುಕೊಳ್ಳಿ. ಎಲ್ಲ ಪದ್ಯಗಳೂ ಮನಸ್ಸಿಗೆ ನಾಟುವುದಿಲ್ಲ, ನಾಟಬೇಕಾಗಿಯೂ ಇಲ್ಲ. ನಾಟಿದ್ದನ್ನು ಬಾಯಿಪಾಠ ಮಾಡಿ. ಬಸವಣ್ಣನವರ ವಚನಗಳೂ ಹಾಗೇ. "ನುಡಿದರೆ ಮುತ್ತಿನ ಹಾರದಂತಿರಬೇಕು" ಅನ್ನುವ ಸಾಲು ಶಾಲೆಯಲ್ಲಿ ಎಲ್ಲರೂ ಹೇಳಿದ್ದೇವೆ. ಅದರ ಕೊನೆಯ ಸಾಲನ್ನು ಒಮ್ಮೆ ನಿಧಾನವಾಗಿ ಓದಿ: "ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ". ನಾಲ್ಕು ಜನರಿಗೆ ಕೆಲಸ ಹೇಳುವವರು ಇದನ್ನು ಟೇಬಲ್ ಗಾಜಿನ ಕೆಳಗೆ ಇಟ್ಟುಕೊಳ್ಳಬಹುದು. ನಾನು ಇಟ್ಟುಕೊಂಡಿದ್ದೇನೆ.

ಹೊರಗಿನ ಪುಸ್ತಕ ಬೇಕಿದ್ದರೆ ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಬರೆದುಕೊಂಡ ಟಿಪ್ಪಣಿಗಳು ಇವೆ. ಕ್ರಿ.ಶ. 161ರಿಂದ 180ರ ತನಕ ಆಳಿದವನು. ಯಾರಿಗೂ ತೋರಿಸಲು ಬರೆದದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ಮೊದಲ ಭಾಗ ಪೂರ್ತಿ ಅವನು ಯಾರಿಂದ ಏನು ಕಲಿತೆ ಅನ್ನುವ ಪಟ್ಟಿ: ಅಜ್ಜನಿಂದ ಇದು, ಅಮ್ಮನಿಂದ ಇದು, ಗುರುವಿನಿಂದ ಇದು. ಓದಿದ ಮೇಲೆ ನಿಮ್ಮದೂ ಒಂದು ಪಟ್ಟಿ ಮಾಡಿ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ನನಗೆ ಲೇತ್ ಕಲಿಸಿದ ಮೇಸ್ತ್ರಿಯದ್ದು. ಅಳತೆ ತೆಗೆಯುವ ಮೊದಲು ಅವರು ಮೈಕ್ರೋಮೀಟರನ್ನು ಬನಿಯನ್ ಬಟ್ಟೆಯಿಂದ ಒರೆಸಿ, ಸೊನ್ನೆ ಸರಿ ಇದೆಯಾ ಅಂತ ನೋಡಿಯೇ ಮುಂದೆ ಹೋಗುತ್ತಿದ್ದರು. ಇನ್ನೊಬ್ಬರ ತಪ್ಪು ಅಳೆಯುವ ಮೊದಲು ನನ್ನ ಸೊನ್ನೆ ಸರಿ ಇದೆಯಾ ಅಂತ ನೋಡಿಕೊಳ್ಳುವುದನ್ನು ಆ ಪಟ್ಟಿ ಬರೆಯುವಾಗಲೇ ನಾನು ಕಲಿತದ್ದು.

ಮೂರನೇ ಜಾತಿ ಉಪಕರಣದ ಪುಸ್ತಕ. ಇಂಥವು ರಾಶಿ ರಾಶಿ ಇವೆ. ಡೇಲ್ ಕಾರ್ನೆಗಿಯ 1936ರ ಪುಸ್ತಕ, ಸ್ಟೀಫನ್ ಕೋವಿಯ 1989ರ ಪುಸ್ತಕ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಓದಿ, ತಪ್ಪೇನಿಲ್ಲ. ಆದರೆ ನಾನು ಒಂದೇ ಒಂದು ಹೇಳುವುದಾದರೆ ಸರ್ಜನ್ ಅತುಲ್ ಗವಾಂಡೆಯವರ 'ದಿ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೋ'. 2009ರದ್ದು. ಆಪರೇಷನ್‌ಗೆ ಮೊದಲು, ನಡುವೆ, ಕೊನೆಗೆ ಓದಿ ಹೇಳಬೇಕಾದ ಹತ್ತೊಂಬತ್ತು ಅಂಶದ ಒಂದು ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಮಾಡಿದ ಕಥೆ ಅದು. ದೆಹಲಿಯದ್ದೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷೆ ಮಾಡಿದಾಗ ದೊಡ್ಡ ತೊಡಕುಗಳು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದವು. ಪಟ್ಟಿಯಲ್ಲಿ ಒಂದು ಅಂಶ ನನ್ನನ್ನು ನಿಲ್ಲಿಸಿತು. ಚಾಕು ಹಾಕುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಒಮ್ಮೆ ಬಾಯಿ ತೆರೆದವರು ಆಮೇಲೆ ಏನಾದರೂ ತಪ್ಪು ಕಂಡರೆ ಹೇಳುತ್ತಾರೆ. ನನ್ನ ಪ್ರಶ್ನೆಗೆ ಇದು ಎರಡನೇ ಉತ್ತರ.

ಮೂರನೇ ಹೆಜ್ಜೆ: ದುಡ್ಡು ಜಾಸ್ತಿ ಸುರಿಯಬೇಡಿ

ಮೊದಲು ಲೈಬ್ರರಿಗೆ ಹೋಗಿ. ಸದಸ್ಯರಾಗಲು ಇಡಬೇಕಾದ ಠೇವಣಿ ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ' ಹೆಸರಿನಲ್ಲಿವೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ ಇದೆ. ಅದು ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ ಕಟ್ಟಡ. ದಿವಾನರ ಸಂಪುಟವನ್ನು ನಾನು ಓದಿದ್ದು ಅಲ್ಲೇ ಕೂತು, ನಾಲ್ಕು ಭಾನುವಾರ. ಅವರ ಅಧ್ಯಾಯ ಮುಗಿಸಿ ಹೊರಗೆ ಬಂದಾಗ ಎದುರಿಗೇ ಅವರ ಪ್ರತಿಮೆ ಕಂಡಿತು. ಅಷ್ಟು ದಿನ ಅದರ ಪಕ್ಕದಲ್ಲೇ ಓಡಾಡಿದ್ದೆ, ಯಾರು ಅಂತ ನೋಡಿರಲಿಲ್ಲ.

ಎರಡು ಸಲ ಓದಬೇಕು ಅನ್ನಿಸಿದ ಪುಸ್ತಕವನ್ನು ಮಾತ್ರ ಕೊಳ್ಳಿ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುತ್ತದೆ, ತಡೆಯಲು ಆದರೆ ಅಲ್ಲಿಯ ತನಕ ತಡೆಯಿರಿ. ಹಳೆ ಪುಸ್ತಕಕ್ಕೆ ಅವೆನ್ಯೂ ರಸ್ತೆ ಇದೆ.

ನಾಲ್ಕನೇ ಹೆಜ್ಜೆ: ನೋಟ್‌ಬುಕ್ಕಿನ ಎರಡು ಪುಟ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೂರು ಪುಟದ ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆ ದೊಡ್ಡದಾಗಿ ಬರೆಯಿರಿ. ಆಮೇಲೆ ತೆರೆದಾಗ ಎಡಗಡೆ ಬರುವ ಪುಟ ಪುಸ್ತಕಕ್ಕೆ, ಬಲಗಡೆ ಪುಟ ನಿಮಗೆ. ದಿನಕ್ಕೆ ಹತ್ತು ಹದಿನೈದು ಪುಟ ಓದಿ, ಅಷ್ಟೇ. ಓದಿ ಮುಗಿಸಿ ಪುಸ್ತಕ ಮುಚ್ಚಿ. ಮುಚ್ಚಿದ ಮೇಲೆ ಎಡಗಡೆ ಎರಡು ಮೂರು ಸಾಲು ಬರೆಯಿರಿ, ನಿಮ್ಮ ಮಾತಿನಲ್ಲಿ. ಪುಸ್ತಕ ನೋಡಿಕೊಂಡು ಸಾಲು ಇಳಿಸಬೇಡಿ. ನೋಡಿ ಬರೆದರೆ ಕೈ ಕೆಲಸ ಮಾಡುತ್ತದೆ, ತಲೆ ಸುಮ್ನೆ ಕೂತಿರುತ್ತದೆ. ನೆನಪಿನಿಂದ ಬರೆಯುವಾಗ ಏನು ಅರ್ಥವಾಗಿದೆ, ಏನು ಆಗಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಬಲಗಡೆ ಪುಟ ಖಾಲಿ ಇರಲಿ. ಅಲ್ಲಿ ಬರೆಯುವುದು ಓದಿದ್ದನ್ನು ಮಾಡಿ ನೋಡಿದ ಮೇಲೆ.

ನನ್ನ ನೋಟ್‌ಬುಕ್ಕಿನ ಒಂದು ಜೋಡಿ ಪುಟ ಹೀಗಿದೆ. ಎಡಗಡೆ: "ಧವನ್ ಸೋತ ದಿನ ಮುಂದೆ ನಿಂತರು. ಗೆದ್ದ ದಿನ ಹಿಂದೆ ಸರಿದರು." ಅದರ ಬಲಗಡೆ ಹನ್ನೆರಡು ದಿನ ಏನೂ ಇರಲಿಲ್ಲ. ಹದಿಮೂರನೇ ದಿನ ಗ್ರಾಹಕರ ಕಡೆಯಿಂದ ಫೋನ್ ಬಂತು, ಇಪ್ಪತ್ತು ಪೀಸ್ ವಾಪಸ್. ಯಾರ ಮಷೀನ್ ಅಂತ ಕೇಳಿದರು. "ನನ್ನ ಶಿಫ್ಟ್ ಸರ್, ನಾನು ನೋಡುತ್ತೇನೆ" ಅಂದೆ. ಮಷೀನಿನವನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಫೋನ್ ಇಟ್ಟ ಮೇಲೆ ಅವನ ಕಡೆ ತಿರುಗಿ "ಏನಾಯಿತು ಅಂತ ಇಬ್ಬರೂ ನೋಡೋಣ ಬಾ" ಅಂದೆ, ಅಷ್ಟೇ. ಬಲಗಡೆ ಪುಟದಲ್ಲಿ ಬರೆದದ್ದು: "ಕೈ ನಡುಗಿತು. ಆದರೆ ಹೇಳಿದೆ. ಅವನೇ ಸಂಜೆ ಬಂದು, ಕ್ಲಾಂಪ್ ಒಂದು ವಾರದಿಂದ ಸಡಿಲ ಇದೆ ಅಣ್ಣ ಅಂದ." ಆ ಪುಟದ ಮೂಲೆಯಲ್ಲಿ ಕೂಲೆಂಟ್ ಎಣ್ಣೆಯ ಹೆಬ್ಬೆಟ್ಟಿನ ಗುರುತು ಈಗಲೂ ಇದೆ.

ಐದನೇ ಹೆಜ್ಜೆ: ಎರಡು ವಾರಕ್ಕೆ ಒಂದೇ ಬದಲಾವಣೆ

ಪುಸ್ತಕ ಓದುವಾಗ ಹತ್ತು ವಿಷಯ ಒಟ್ಟಿಗೆ ಮಾಡಬೇಕು ಅನ್ನಿಸುತ್ತದೆ. ಮಾಡಬೇಡಿ. ಒಂದನ್ನು ಆರಿಸಿ, ಕಣ್ಣಿಗೆ ಕಾಣುವ ಹಾಗೆ ಬರೆಯಿರಿ. "ಜನರ ಮಾತು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ" ಅಂತ ಬರೆದರೆ ಮಾಡಿದಿರಾ ಇಲ್ಲವಾ ಅಂತ ತಿಳಿಯುವುದು ಹೇಗೆ? "ಯಾರಾದರೂ ತಪ್ಪು ಹೇಳಲು ಬಂದರೆ, ಅವರ ಮಾತು ಮುಗಿಯುವ ತನಕ ಫೋನ್ ಮುಟ್ಟುವುದಿಲ್ಲ" ಅಂತ ಬರೆಯಿರಿ. ಇದು ಆಯಿತಾ ಇಲ್ಲವಾ ಅಂತ ಸಂಜೆ ಹೇಳಬಹುದು.

ಗವಾಂಡೆಯವರ ಪುಸ್ತಕ ಓದಿದ ಮೇಲೆ ನಾನು ಮಾಡಿದ್ದು ಇಷ್ಟು. ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ನಿಂತುಕೊಳ್ಳುವುದು. ಪ್ರತಿಯೊಬ್ಬರೂ ಒಂದು ವಾಕ್ಯ: ಇವತ್ತು ನನ್ನ ಮಷೀನಿನಲ್ಲಿ ಏನು ಅನುಮಾನ ಇದೆ. ಮೊದಲ ವಾರ ಎಲ್ಲರೂ "ಏನಿಲ್ಲ ಅಣ್ಣ" ಅಂದರು. ಎರಡನೇ ವಾರವೂ ಹಾಗೇ. ಬಿಟ್ಟುಬಿಡೋಣ ಅನ್ನಿಸಿತ್ತು. ಆಮೇಲೆ ನಾನೇ ಮೊದಲು ಹೇಳಲು ಶುರು ಮಾಡಿದೆ: "ನಿನ್ನೆ ಡ್ರಾಯಿಂಗ್ ನೋಡುವಾಗ ಒಂದು ಅಳತೆ ನಾನು ತಪ್ಪು ಓದಿದ್ದೆ." ಮೂರನೇ ವಾರದ ಬುಧವಾರ ಒಬ್ಬ ಬಾಯಿ ಬಿಟ್ಟ. ಆಮೇಲೆ ತಡೆ ಇರಲಿಲ್ಲ. ಹಾಗಾಗಿ ಎರಡು ವಾರದಲ್ಲಿ ಫಲ ಕಾಣದಿದ್ದರೆ ಬಿಡಬೇಡಿ, ಮಾಡುವ ರೀತಿ ಸ್ವಲ್ಪ ಬದಲಿಸಿ ಇನ್ನೆರಡು ವಾರ ನೋಡಿ.

ಕೆಲವು ಪ್ರಯೋಗ ಕೈಕೊಡುತ್ತವೆ. ಅದನ್ನೂ ಬಲಗಡೆ ಪುಟದಲ್ಲಿ ಬರೆಯಿರಿ. ಎಲ್ಲರನ್ನೂ ಎಲ್ಲರ ಎದುರಿಗೆ ಹೊಗಳಬೇಕು ಅಂತ ಒಂದು ಕಡೆ ಓದಿ ಮಾಡಿದ್ದೆ. ನಮ್ಮಲ್ಲಿ ವಯಸ್ಸಾದ ಒಬ್ಬ ಫಿಟ್ಟರ್ ಇದ್ದಾರೆ. ಅವರಿಗೆ ತುಂಬ ಮುಜುಗರವಾಯಿತು. "ಅದೆಲ್ಲ ಬೇಡಪ್ಪ, ಕೆಲಸ ಸರಿ ಇದ್ದರೆ ಸಾಕು" ಅಂದರು. ಅವರಿಗೆ ಬೇಕಾದ ಗೌರವ ಬೇರೆ ಥರದ್ದು: ಪೀಸನ್ನು ಹಿಡಿದುಕೊಳ್ಳುವ ಹೊಸ ಫಿಕ್ಸ್ಚರ್ ಮಾಡುವ ಮೊದಲು ಅವರನ್ನು ಒಂದು ಮಾತು ಕೇಳುವುದು. ಅದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ, ಅವರೇ ಹೇಳಿಕೊಟ್ಟದ್ದು.

ಆರನೇ ಹೆಜ್ಜೆ: ಇನ್ನೊಬ್ಬರ ಜೊತೆ ಓದಿ

ದೊಡ್ಡ ಗುಂಪು ಬೇಡ. ಒಬ್ಬರು ಸಾಕು. ಹೆಂಡತಿ, ಗಂಡ, ತಮ್ಮ, ಪಕ್ಕದ ಅಂಗಡಿಯವರು. ವಾರಕ್ಕೊಮ್ಮೆ ಅರ್ಧ ಗಂಟೆ. ಪುಸ್ತಕದಲ್ಲಿ ಏನಿತ್ತು ಅಂತ ಪಾಠ ಒಪ್ಪಿಸಬೇಡಿ. ಬಲಗಡೆ ಪುಟವನ್ನು ಓದಿ ಹೇಳಿ. ನನ್ನ ಹೆಂಡತಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಒಂದು ದಿನ ಎಲ್ಲ ಕೇಳಿ ಅವಳು ಅಂದಳು, "ಶಾಪಿನವರ ಮಾತು ಮುಗಿಯುವ ತನಕ ಫೋನ್ ಮುಟ್ಟಲ್ಲ ಅಂತ ಬರೆದಿದ್ದೀರಿ. ಮನೆಯಲ್ಲಿ?" ನೋಟ್‌ಬುಕ್ಕಿನಲ್ಲಿ ಆ ವಾರದ ಪ್ರಯೋಗ ಅದೇ ಆಯಿತು. ಒಬ್ಬರೇ ಓದುತ್ತಿದ್ದರೆ ಇಂಥದ್ದು ಕಾಣುವುದೇ ಇಲ್ಲ.

ಜೊತೆಗೆ ಕೆಲಸ ಮಾಡುವವರಿಗೆ ಓದಲೇಬೇಕು ಅಂತ ಒತ್ತಾಯ ಮಾಡಬೇಡಿ. ಮೇಲಿನವರು ಕೊಟ್ಟ ಪುಸ್ತಕ ಹೋಂವರ್ಕ್ ಆಗಿಬಿಡುತ್ತದೆ. ಕಾಣುವ ಜಾಗದಲ್ಲಿ ಇಡಿ, ಅಷ್ಟೇ.

ಬಿಡುವುದು ಯಾವಾಗ, ಮತ್ತೆ ಓದುವುದು ಯಾವಾಗ

ಐವತ್ತು ಪುಟ ಓದಿದ ಮೇಲೂ ಎಡಗಡೆ ಬರೆಯಲು ಏನೂ ಸಿಗದಿದ್ದರೆ ಆ ಪುಸ್ತಕ ವಾಪಸ್ ಕೊಡಿ. ಪುಸ್ತಕ ಕೆಟ್ಟದ್ದು ಅಂತಲ್ಲ, ನಿಮ್ಮ ಈಗಿನ ಪ್ರಶ್ನೆಗೆ ಅದು ಹೊಂದಲಿಲ್ಲ. ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ನಾನು ಮೊದಲ ಸಲ ಅರ್ಧಕ್ಕೇ ಬಿಟ್ಟಿದ್ದೆ. ನಾಟಕ, ಪತ್ರಿಕೆ, ಸಿನಿಮಾ, ಶಾಲೆ, ಯಕ್ಷಗಾನ ಅಂತ ಒಂದರಿಂದ ಇನ್ನೊಂದಕ್ಕೆ ಹಾರುವ ಮನುಷ್ಯನಿಂದ ಶಿಫ್ಟ್ ಇನ್‌ಚಾರ್ಜ್‌ಗೆ ಏನು ಸಿಗುತ್ತದೆ ಅನ್ನಿಸಿತ್ತು. ಮೂರು ವರ್ಷದ ನಂತರ ನನ್ನ ಪ್ರಶ್ನೆ ಬದಲಾಗಿತ್ತು: ಈ ಕೆಲಸ ಬಿಟ್ಟು ಸ್ವಂತ ಏನಾದರೂ ಮಾಡಲಾ? ಆಗ ಅದೇ ಪುಸ್ತಕ ಎರಡು ರಾತ್ರಿಯಲ್ಲಿ ಮುಗಿಯಿತು. ಕೈ ಸುಟ್ಟುಕೊಂಡು, ಸಾಲ ಮಾಡಿಕೊಂಡು, ಆದರೂ ಮುಂದಿನದ್ದಕ್ಕೆ ಕೈ ಹಾಕುವ ಧೈರ್ಯ ಹೇಗಿರುತ್ತದೆ ಅಂತ ಅಲ್ಲಿ ಕಂಡೆ. ಸ್ವಂತ ಶಾಪ್ ಇನ್ನೂ ಹಾಕಿಲ್ಲ. ಲೆಕ್ಕ ಹಾಕುತ್ತಿದ್ದೇನೆ.

ಆರು ತಿಂಗಳಿಗೆ ಒಮ್ಮೆ ನೋಟ್‌ಬುಕ್ಕಿನ ಬಲಗಡೆ ಪುಟಗಳನ್ನು ಮಾತ್ರ ಒಟ್ಟಿಗೆ ಓದಿ. ಒಂದು ಗಂಟೆ ಸಾಕು. ಮುಂದಿನ ಪ್ರಶ್ನೆ ಅಲ್ಲೇ ಎಲ್ಲೋ ಇರುತ್ತದೆ. ಅದನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಬರೆದು, ಮತ್ತೆ ಮೂರು ಪುಸ್ತಕ ಆರಿಸಿ.

ಪುಸ್ತಕ ಯಾರಿಗಾದರೂ ಕೊಟ್ಟರೆ ಒಳಗಡೆ ದಿನಾಂಕ ಬರೆದು ಕೊಡಿ, ಯಾರ ಕೈಗೆ ಹೋಯಿತು ಅಂತ ನೆನಪಿರುತ್ತದೆ. ನನ್ನ 'ಊರುಕೇರಿ' ಟೂಲ್ ಕ್ರಿಬ್ಬಿನ, ಅಂದರೆ ಉಪಕರಣ ಇಡುವ ಕೋಣೆಯ, ಕಿಟಕಿಯ ಪಕ್ಕ ಇಟ್ಟಿದ್ದೆ, ಒಂದು ದಿನ ಕಾಣಲಿಲ್ಲ. ಎರಡು ತಿಂಗಳ ನಂತರ ಅದೇ ಜಾಗಕ್ಕೆ ವಾಪಸ್ ಬಂದಿತ್ತು. ಗುರುತಿಗೆ, ಮಷೀನಿನ ಕೆಲಸದ ವಿವರ ಬರೆಯುವ ಒಂದು ಜಾಬ್ ಕಾರ್ಡ್ ಮಡಚಿ ಇಟ್ಟಿದ್ದರು. ಕಾರ್ಡಿನ ಮೇಲಿದ್ದದ್ದು, ನಾನು ಎಲ್ಲರ ಎದುರಿಗೆ ಕೂಗಾಡಿದ್ದ ಆ ಹುಡುಗನ ಮಷೀನ್ ನಂಬರ್.